ಗುಬ್ಬಿಯಿಂದ ಜರ್ಮನಿಗೆ ದುಡ್ಡು ಕಳಿಸುವುದು ಹೇಗೆ?

ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಡಿಕೆ, ಕೊಬ್ಬರಿ ಮಾರಿದ ದುಡ್ಡು ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಬ್ಯಾಂಕಿನಲ್ಲಿದೆ. ಅದು ಯೂರೋ ಆಗಿ ಅವಳ ಕೈ ಸೇರಬೇಕು. ಭಯಪಡಬೇಡಿ. ಪ್ಯಾನ್ ಕಾರ್ಡ್ ಇದ್ದು, ದುಡ್ಡು ನಿಮ್ಮದೇ ಅಕೌಂಟಿನಲ್ಲಿದ್ದರೆ ಅರ್ಧ ಕೆಲಸ ಆದಂತೆ. ಅಮೆರಿಕ, ಕೆನಡಾ, ಬ್ರಿಟನ್‌ಗೆ ಕಳಿಸುವವರಿಗೂ ದಾರಿ ಹೆಚ್ಚುಕಡಿಮೆ ಇದೇ.

1. ಸರಿಯಾದ ದಾರಿ ಹಿಡಿಯಿರಿ.
ಪೇಟೆಬೀದಿಯ ‘ಮನಿ ಟ್ರಾನ್ಸ್‌ಫರ್’ ಬೋರ್ಡು ಸಾಮಾನ್ಯವಾಗಿ ಹೊರದೇಶದಿಂದ ಬರುವ ದುಡ್ಡಿಗೆ, ಹೋಗುವ ದುಡ್ಡಿಗಲ್ಲ. ಊರಿನಲ್ಲಿ ತರಕಾರಿಗೆ ಕೊಡುವ ಹಾಗೆ ಫೋನ್‌ಪೇ ಮಾಡಿ ಜರ್ಮನಿಗೆ ಕಳಿಸಲೂ ಆಗದು. (ಸಿಂಗಪುರದಲ್ಲಿ ಮಕ್ಕಳಿದ್ದರೆ ಬೇರೆ ಮಾತು: 2023ರ ಫೆಬ್ರುವರಿಯಿಂದ ಯುಪಿಐಗೂ ಅಲ್ಲಿನ ಪೇನೌಗೂ ಜೋಡಣೆಯಾಗಿದೆ, ಕೆಲವು ಬ್ಯಾಂಕುಗಳಿಂದ ಸಣ್ಣ ಮೊತ್ತ ಕಳಿಸಬಹುದು.) ನಮಗೆ ಬೇಕಾದದ್ದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್, ಅಂದರೆ ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್. 2004ರಲ್ಲಿ ಶುರುವಾದಾಗ ಇದರ ಮಿತಿ 25,000 ಡಾಲರ್ ಇತ್ತು. ಈಗ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್.

2. ಬ್ಯಾಂಕಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ.
“ಎಲ್‌ಆರ್‌ಎಸ್‌ನಲ್ಲಿ ಹೊರದೇಶಕ್ಕೆ ಕಳಿಸ್ತೀರಾ ಸಾರ್?” ಸಣ್ಣ ಶಾಖೆಯಾದರೆ ಫಾರಂ ಇಸ್ಕೊಂಡು ಬೇರೆ ಫಾರೆಕ್ಸ್ ಶಾಖೆಗೆ ಕಳಿಸುತ್ತಾರೆ, ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಅವಸರವಿದ್ದರೆ ತುಮಕೂರಿನ ದೊಡ್ಡ ಶಾಖೆಗೇ ಹೋಗಿ. ದುಡ್ಡು ಸಹಕಾರಿ ಬ್ಯಾಂಕಿನಲ್ಲಿದ್ದು ಅಲ್ಲಿ ಈ ಸೌಲಭ್ಯ ಇಲ್ಲದಿದ್ದರೆ, ಮೊದಲು ನಿಮ್ಮ ಹೆಸರಿನದೇ ಇನ್ನೊಂದು ಬ್ಯಾಂಕ್ ಅಕೌಂಟಿಗೆ ಆರ್‌ಟಿಜಿಎಸ್ ಮಾಡಿ. ಎಚ್ಚರ: ಹೊಚ್ಚ ಹೊಸ ಅಕೌಂಟಾದರೆ ಹಳೆಯ ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ಕೇಳಬಹುದು. ಆದ್ದರಿಂದ ಅಕೌಂಟ್ ಮುಂಚೆಯೇ ತೆರೆದಿಡಿ.

3. ಮಗಳಿಂದ ವಿವರ ತರಿಸಿಕೊಳ್ಳಿ.
ಬ್ಯಾಂಕಿನಲ್ಲಿರುವಂತೆಯೇ ಹೆಸರು, ಐಬಾನ್ (ಅಲ್ಲಿನ ಅಕೌಂಟ್ ನಂಬರ್), ಸ್ವಿಫ್ಟ್ ಕೋಡ್ (ಬ್ಯಾಂಕಿನ ಗುರುತು), ಬ್ಯಾಂಕಿನ ವಿಳಾಸ. ಫೋಟೋ ಬೇಡ, ಟೈಪ್ ಮಾಡಿ ಕಳಿಸಲಿ. ಆಮೇಲೆ ಫೋನಿನಲ್ಲಿ ಅವಳು ಓದಲಿ, ನೀವು ಬೆರಳಿಟ್ಟು ನೋಡಿ. ಜರ್ಮನಿಯ ಐಬಾನ್‌ನಲ್ಲಿ ‘ಡಿ’, ‘ಇ’ ಎಂಬ ಎರಡಕ್ಷರ, ಆಮೇಲೆ ಬರೀ 20 ಅಂಕಿ. ಅಂದರೆ ಅಲ್ಲಿ ದುಂಡಗೆ ಕಾಣುವುದೆಲ್ಲ ಸೊನ್ನೆಯೇ, ‘ಓ’ ಅಕ್ಷರವಲ್ಲ. ಅಮೆರಿಕಕ್ಕಾದರೆ ಐಬಾನ್ ಇಲ್ಲ, 9 ಅಂಕಿಯ ರೌಟಿಂಗ್ ನಂಬರ್ ಮತ್ತು ಅಕೌಂಟ್ ನಂಬರ್ ಬೇಕು.

4. ಪೂರ್ತಿ ಖರ್ಚು ಕೇಳಿ.
ಹೊಸಬರು ಜಾರುವುದು ಇಲ್ಲೇ. “ಚಾರ್ಜ್ ಎಷ್ಟು?” ಎಂದಷ್ಟೇ ಕೇಳಿ ಸುಮ್ಮನಾಗುತ್ತೇವೆ. ಅಸಲಿ ಖರ್ಚು ಇರುವುದು ದರದಲ್ಲಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಗೂಗಲ್‌ನಲ್ಲಿ ಯೂರೋ 100 ರೂಪಾಯಿ ಇದೆ ಅಂದುಕೊಳ್ಳಿ. 2,000 ಯೂರೋ ಕಳಿಸಬೇಕು. ಒಂದು ಬ್ಯಾಂಕಿನ ದರ 102.50, ಚಾರ್ಜ್ 500: ಒಟ್ಟು 2,05,500. ಇನ್ನೊಂದರ ದರ 101, ಚಾರ್ಜ್ 1,500: ಒಟ್ಟು 2,03,500. ಚಾರ್ಜ್ ಮೂರು ಪಟ್ಟಿದ್ದರೂ ಎರಡನೆಯದೇ 2,000 ರೂಪಾಯಿ ಅಗ್ಗ. ಜಿಎಸ್‌ಟಿ ಎರಡೂ ಕಡೆ ಇರುತ್ತದೆ. ಆದ್ದರಿಂದ ಹೀಗೆ ಕೇಳಿ: “ಅಲ್ಲಿಗೆ ಸರಿಯಾಗಿ 2,000 ಯೂರೋ ಮುಟ್ಟಬೇಕು, ನನ್ನ ಅಕೌಂಟಿನಿಂದ ಒಟ್ಟು ಎಷ್ಟು ಕಟ್ ಆಗುತ್ತೆ?” ಎರಡು ಮೂರು ಕಡೆ, ಒಂದೇ ದಿನ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೇಳಿ ಬರೆದಿಟ್ಟುಕೊಳ್ಳಿ. ದರ ಸ್ವಲ್ಪ ಇಳಿಸಿ ಅಂತ ಮ್ಯಾನೇಜರನ್ನು ಕೇಳುವುದರಲ್ಲಿ ನಾಚಿಕೆ ಏನಿಲ್ಲ. ದೊಡ್ಡ ಮೊತ್ತಕ್ಕೆ ಇಳಿಸುವುದುಂಟು. ಶನಿವಾರ, ಭಾನುವಾರ ಈ ಕೆಲಸ ಬೇಡ.

5. ತೆರಿಗೆ ನೋಡಿಕೊಳ್ಳಿ.
ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಮುರಿದುಕೊಳ್ಳುವ ತೆರಿಗೆ, ಇಲ್ಲ; ಈ ಮಿತಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದಾಟಿದ ಮೊತ್ತಕ್ಕೆ ಮಾತ್ರ ಬೀಳುತ್ತದೆ. ಓದಿಗಾದರೆ ದರ ಕಡಿಮೆ, ಮನೆಯವರ ಖರ್ಚಿಗೆ ಅಂತ ಕಳಿಸಿದರೆ 20%. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಇಲ್ಲವೇ ಇಲ್ಲ. ಮಿತಿ ಒಂದೊಂದು ಪ್ಯಾನ್‌ಗೂ ಬೇರೆ ಬೇರೆ. ತಾಯಿಯ ಸ್ವಂತ ದುಡ್ಡಿದ್ದರೆ ಮುಂದಿನ ಕಂತು ಅವರ ಅಕೌಂಟಿನಿಂದ ಹೋಗಲಿ. ಟಿಸಿಎಸ್ ಕಟ್ಟಾದರೂ ಹೋದ ದುಡ್ಡಲ್ಲ, ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಹಾಕದೇ ಕೂತರೆ ಅದು ವಾಪಸ್ ಬರುವುದಿಲ್ಲ.

6. ಫಾರಂ ಎ2 ತುಂಬಿ.
ಉದ್ದೇಶದ ಕೋಡ್ ಕೇಳುತ್ತಾರೆ: ಓದು, ಹಾಸ್ಟೆಲ್ ಖರ್ಚಿಗೆ ಎಸ್0305, ಕುಟುಂಬ ನಿರ್ವಹಣೆಗೆ ಎಸ್1301. ಐದನೇ ಹಂತದ ತೆರಿಗೆ ನಿಂತಿರುವುದು ಈ ಕೋಡ್ ಮೇಲೆಯೇ. ಗುಮಾಸ್ತರು ತುಂಬಿದ್ದನ್ನು ಓದದೆ ಸಹಿ ಹಾಕಬೇಡಿ. ಅಡ್ಮಿಷನ್ ಲೆಟರ್, ಪಾಸ್‌ಪೋರ್ಟ್ ಜೆರಾಕ್ಸ್ ಜೊತೆಗಿರಲಿ.

7. ದಾರಿಖರ್ಚು ಯಾರದೆಂದು ಬರೆಸಿ.
ನಡುವಿನ ಬ್ಯಾಂಕುಗಳೂ ಚಾರ್ಜ್ ಮುರಿದುಕೊಳ್ಳುತ್ತವೆ. ‘ಎಸ್‌ಎಚ್‌ಎ’ ಎಂದಿದ್ದರೆ ಅದು ಮಗಳಿಗೆ ಸೇರುವ ದುಡ್ಡಿನಲ್ಲೇ ಕಳೆಯುತ್ತದೆ, ‘ಓಯುಆರ್’ ಎಂದಿದ್ದರೆ ನೀವೇ ಕಟ್ಟುತ್ತೀರಿ. ತಿಂಗಳ ಖರ್ಚಿಗೆ ಯಾವುದಾದರೂ ನಡೆದೀತು. ವೀಸಾಕ್ಕೆಂದು ಇಡುವ ಬ್ಲಾಕ್ಡ್ ಅಕೌಂಟಿಗೆ ಮಾತ್ರ ‘ಓಯುಆರ್’ ಬರೆಸಿ. 2024ರ ಸೆಪ್ಟೆಂಬರಿನಿಂದ ಅಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು, ಹತ್ತು ಯೂರೋ ಕಮ್ಮಿ ಬಿದ್ದರೂ ತಕರಾರು. ಆ ಬ್ಲಾಕ್ಡ್ ಅಕೌಂಟಿನವರು ಕೊಟ್ಟ ರೆಫರೆನ್ಸ್ ನಂಬರನ್ನೂ ಬಿಡದೆ ಬರೆಯಿಸಿ.

8. ಅಡ್ಡದಾರಿಗೆ ಬೇಡ ಅನ್ನಿ.
ಅಲ್ಲಿರುವ ಪರಿಚಯದವರೊಬ್ಬರು ಹೀಗನ್ನಬಹುದು: “ಅಂಕಲ್, ನಾನು ಇಲ್ಲಿ ಅವಳಿಗೆ ಯೂರೋ ಕೊಡ್ತೀನಿ, ನೀವು ಊರಲ್ಲಿ ನಮ್ಮ ಮಾವನ ಅಕೌಂಟಿಗೆ ರೂಪಾಯಿ ಹಾಕಿಬಿಡಿ.” ಕೇಳಲು ಎಷ್ಟು ಸಲೀಸು! ಇದು ಹವಾಲಾದ ತಮ್ಮ; ವಿದೇಶಿ ವಿನಿಮಯದ ಫೆಮಾ ಕಾಯ್ದೆ ಒಪ್ಪುವುದಿಲ್ಲ. ಆ ‘ಮಾವನ’ ಅಕೌಂಟು ವಂಚಕರದಾಗಿದ್ದರೆ ನಿಮ್ಮ ಅಕೌಂಟೂ ಫ್ರೀಜ್ ಆಗಬಹುದು. ಹಾಗೆಯೇ “ಅಪ್ಪಾ, ಫೋನ್ ಕಳೆದುಹೋಯ್ತು, ಅರ್ಜೆಂಟ್ ದುಡ್ಡು ಬೇಕು” ಎಂದು ಹೊಸ ನಂಬರಿನಿಂದ ಮೆಸೇಜ್ ಬಂದರೆ ಮೊದಲು ಹಳೆಯ ನಂಬರಿಗೆ ಫೋನ್ ಮಾಡಿ, ವಿಡಿಯೋದಲ್ಲಿ ಮುಖ ನೋಡಿ ಮಾತಾಡಿ. ಮೋಸವಾಗಿದೆ ಅನ್ನಿಸಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

9. ಸ್ವಿಫ್ಟ್ ಕಾಪಿ ಕೇಳಿ ಪಡೆಯಿರಿ.
ಇದು ದುಡ್ಡು ಹೊರಟಿದ್ದಕ್ಕೆ ರಸೀದಿ. ಫೋಟೋ ತೆಗೆದು ಮಗಳಿಗೆ ವಾಟ್ಸಾಪ್ ಮಾಡಿ. ಸಾಮಾನ್ಯವಾಗಿ ಕೆಲವೇ ಕೆಲಸದ ದಿನಗಳಲ್ಲಿ ಮುಟ್ಟುತ್ತದೆ. ವಾರವಾದರೂ ಬರದಿದ್ದರೆ ಗಾಬರಿಯಾಗಬೇಡಿ; ಆ ಕಾಪಿ ಹಿಡಿದು ಅದೇ ಶಾಖೆಗೆ ಹೋಗಿ “ಟ್ರೇಸ್ ಮಾಡಿಕೊಡಿ” ಎನ್ನಿ. ದುಡ್ಡು ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಅವರು ಹುಡುಕಿಸುತ್ತಾರೆ.