ಬಿಡಬೇಕಾದ್ದು ಓಟವನ್ನಲ್ಲ

ಪ್ರಶ್ನೆ: ವಯಸ್ಸು 43. ರಕ್ತದಾನ ಶಿಬಿರ ನಡೆಸುತ್ತೇನೆ, ನಾನೂ ವರ್ಷಕ್ಕೆ ಮೂರು ಸಲ ಕೊಡುತ್ತೇನೆ. ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಮುಂಚೆ ಆರಾಮಾಗಿ ಹತ್ತು ಕಿ.ಮೀ. ಓಡುತ್ತಿದ್ದವಳಿಗೆ ಈಗ ಮೂರಕ್ಕೇ ಏದುಸಿರು. ಮುಟ್ಟಿನ ಸ್ರಾವವೂ ಹೆಚ್ಚು. ಯಾವುದನ್ನು ಬಿಡಲಿ?

ಉತ್ತರ: ಸದ್ಯಕ್ಕೆ ರಕ್ತ ಕೊಡುವುದನ್ನು ನಿಲ್ಲಿಸಿ. ಶಿಬಿರ ನಡೆಸಿ, ನೀವು ಮಲಗಬೇಡಿ. ಈ ವಾರವೇ ಸಿಬಿಸಿ, ಫೆರಿಟಿನ್, ಟಿಎಸ್‌ಎಚ್ ಮಾಡಿಸಿ. ಶಿಬಿರದಲ್ಲಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ 12.5 ಇದೆಯೇ ಎಂದಷ್ಟೇ ನೋಡುತ್ತಾರೆ; ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿದ್ದು ಆ ಹನಿಯಲ್ಲಿ ಕಾಣದು, ಫೆರಿಟಿನ್‌ನಲ್ಲಿ ಕಾಣುತ್ತದೆ. 350 ಮಿ.ಲೀ. ರಕ್ತದ ಜೊತೆ ಸುಮಾರು 150 ಮಿ.ಗ್ರಾಂ ಕಬ್ಬಿಣ ಹೋಗುತ್ತದೆ, ಮುಟ್ಟಿನಲ್ಲಿ ಹೋಗುವುದು ಬೇರೆ. ಹೆಂಗಸರಿಗೆ ನಾಲ್ಕು ತಿಂಗಳ ಅಂತರ ಎಂಬುದು ಕನಿಷ್ಠ ಮಿತಿ. ನೀವು ಅದನ್ನೇ ಗುರಿ ಮಾಡಿಕೊಂಡಿದ್ದೀರಿ!

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ನಿಂಬೆ ಪಾನಕದ ಜೊತೆ ನುಂಗಿ. ಕಾಫಿ, ಟೀ ಒಂದೆರಡು ಗಂಟೆ ದೂರವಿರಲಿ. ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ. ಬಹಳ ಜನ ಇಲ್ಲೇ ಎಡವುತ್ತಾರೆ.

ಸ್ತ್ರೀರೋಗ ತಜ್ಞರನ್ನು ಕಂಡು ಗರ್ಭಕೋಶದ ಸ್ಕ್ಯಾನಿಂಗ್ ಮಾಡಿಸಿ, ಗಡ್ಡೆಯಿದ್ದರೆ ಮಾತ್ರೆಯೊಂದರಿಂದಲೇ ಮುಗಿಯದು. ಅಲ್ಲಿಯವರೆಗೆ ಓಟದ ಬದಲು ನಡಿಗೆ. ಎದೆ ಹಿಡಿದಂತಾದರೆ, ಕಣ್ಣು ಕತ್ತಲೆ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಅತ್ತೆಯವರನ್ನು ಎತ್ತಿ ಕೂರಿಸುವ ಕೆಲಸ ಯಜಮಾನರಿಗೋ ದೊಡ್ಡ ಮಗುವಿಗೋ ಇರಲಿ.