ಮೂವರು ಮಕ್ಕಳು, ಒಂದೇ ಹಪ್ಪಳದ ಹಿಟ್ಟು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇವೆಂದು ನಿರ್ಧರಿಸಿದ ತಂದೆ ತಾಯಿ ನನ್ನಲ್ಲಿಗೆ ಬರುವಾಗ ಕೈಯಲ್ಲೊಂದು ವೇಳಾಪಟ್ಟಿ ಇದ್ದೇ ಇರುತ್ತದೆ. ಕಳೆದ ವರ್ಷ ಬಂದ ಒಬ್ಬ ತಾಯಿಯ ಕೈಯಲ್ಲಿ ಮೂರು ಪಟ್ಟಿಗಳಿದ್ದವು. ದೊಡ್ಡವಳಿಗೆ ಹನ್ನೆರಡು ವರ್ಷ, ನಡುವಿನವನಿಗೆ ಒಂಬತ್ತು, ಚಿಕ್ಕವಳಿಗೆ ಐದು. ಮೂವರಿಗೂ ಬೇರೆ ಬೇರೆ ಪೀರಿಯಡ್ಡು, ಬೇರೆ ಬೇರೆ ಬಣ್ಣದ ಸ್ಕೆಚ್ ಪೆನ್ನು. “ಎರಡೇ ವಾರಕ್ಕೆ ಸಾಕಾಗಿ ಹೋಯ್ತು ಮೇಡಂ. ದೊಡ್ಡವಳಿಗೆ ಭಿನ್ನರಾಶಿ ಹೇಳಿಕೊಡೋಷ್ಟರಲ್ಲಿ ಚಿಕ್ಕವಳು ಗೋಡೆ ತುಂಬ ಗೀಚಿರ್ತಾಳೆ. ಇವನು ಎಲ್ಲಿ ಹೋದ ಅಂತಾನೇ ಗೊತ್ತಾಗಲ್ಲ” ಎಂದರು.

ಪಟ್ಟಿಗಳನ್ನು ಎತ್ತಿಡಿ ಎಂದೆ. ಮೂರು ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಮೂರು ತರಗತಿ ನಡೆಸುವುದು ಯಾರಿಂದಲೂ ಆಗುವ ಕೆಲಸವಲ್ಲ. ನಡೆಸಬೇಕಾಗಿಯೂ ಇಲ್ಲ. ಕೆಲಸ ಒಂದೇ ಇರಲಿ, ಅದರಲ್ಲಿ ಪ್ರತಿ ಮಗುವಿಗೂ ವಯಸ್ಸಿಗೆ ತಕ್ಕ ಪಾಲು ಇರಲಿ. ಇದು ನಾನು ಕಂಡುಹಿಡಿದ ಮಾತಲ್ಲ. ಒಬ್ಬರೇ ಮೇಷ್ಟ್ರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸಿದ ಹಳ್ಳಿ ಶಾಲೆಗಳು ನಮ್ಮಲ್ಲಿ ಸಾವಿರಾರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ‘ನಲಿ-ಕಲಿ’ ಪದ್ಧತಿಯಲ್ಲೂ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ತಮ್ಮ ತಮ್ಮ ಮೆಟ್ಟಿಲನ್ನು ತಮ್ಮದೇ ವೇಗದಲ್ಲಿ ಹತ್ತುತ್ತಾರೆ. ಹೋಂಸ್ಕೂಲಿಂಗ್ ಮಾಡುವ ಮನೆಗೆ ಇದಕ್ಕಿಂತ ಹತ್ತಿರದ ಮಾದರಿ ಇನ್ನೊಂದಿಲ್ಲ. (ಮನೆಪಾಠ ಎಂದರೆ ನಮ್ಮಲ್ಲಿ ಟ್ಯೂಷನ್ ಎಂದೇ ಅರ್ಥವಾಗುತ್ತದೆ. ಅದಕ್ಕೇ ನಾನು ಮನೆಶಾಲೆ ಎನ್ನುತ್ತೇನೆ.)

ಮೂವರು ಮಕ್ಕಳಿರುವ ಶಿರಸಿ ಕಡೆಯ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಏಪ್ರಿಲ್ ತಿಂಗಳು, ಹಲಸಿನಕಾಯಿ ಬಲಿತ ಸಮಯ. ಅಜ್ಜಿ ಸೊಳೆ ಬೇಯಿಸಿ, ಮೆಣಸು, ಕೊತ್ತಂಬರಿ, ಉಪ್ಪು ಹಾಕಿ ಹಿಟ್ಟು ರುಬ್ಬಿಟ್ಟಿದ್ದರು. ಐದು ವರ್ಷದ ಮಗು ಉಂಡೆ ಕಟ್ಟಿ ಹತ್ತು ಹತ್ತರ ಸಾಲಿನಲ್ಲಿ ಇಡುತ್ತಿತ್ತು. ಒಂದು ಸಾಲಿನಲ್ಲಿ ಒಂಬತ್ತೇ ಆದಾಗ ಯಾರೂ ಹೇಳದೆ ಅದೇ ಕಂಡುಹಿಡಿದು ಸರಿಮಾಡಿತು. ಹುಡುಗ ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತಿ, ಚಾಪೆಗೆ ಹೋಗುವ ಮೊದಲು ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಂಡ. ಸರಿಯಾಗಿ ಒಂದು ಕಿಲೋ. ಮೂರನೇ ದಿನ ಒಣಗಿದ ಹಪ್ಪಳ ತೂಗಿದರೆ 310 ಗ್ರಾಂ.

“ಉಳಿದದ್ದು ಎಲ್ಲಿ ಹೋಯ್ತು ಅಜ್ಜೀ?”

“ಬಿಸಿಲು ಕುಡಿತು” ಎಂದರು ಅಜ್ಜಿ.

ದೊಡ್ಡವಳಿಗೆ ಆ ಉತ್ತರ ಸಾಲಲಿಲ್ಲ. ಮರುದಿನ ಒಂದು ಹಸಿ ಹಪ್ಪಳದ ಮೇಲೆ ಗಾಜಿನ ಬೋಗುಣಿ ಬೋರಲು ಹಾಕಿ ಬಿಸಿಲಿಗಿಟ್ಟಳು. ಅರ್ಧ ಗಂಟೆಯಲ್ಲಿ ಗಾಜಿನ ಒಳಮೈಗೆ ಹನಿ ಕಟ್ಟಿತು. ಮೂವರೂ ಚಾಪೆಯ ಮೇಲೆ ಮೊಣಕಾಲೂರಿ ಆ ಹನಿಗಳನ್ನೇ ನೋಡಿದರು. ಆವಿಯಾಗುವುದು, ಮತ್ತೆ ನೀರಾಗುವುದು ಪುಸ್ತಕದಲ್ಲಿ ಎರಡು ಪುಟ. ಈ ಮಕ್ಕಳಿಗೆ ಅದು ಬೋಗುಣಿಯೊಳಗೆ ಸಿಕ್ಕಿತು. ನೂರಕ್ಕೆ ಎಷ್ಟು ಪಾಲು ನೀರು ಹೋಯಿತೆಂಬ ಲೆಕ್ಕವನ್ನು ದೊಡ್ಡವಳು ಮಾಡಿದಳು. 69 ಎಂಬ ಉತ್ತರ ಬಂದಾಗ ಹುಡುಗ ನಂಬದೆ ಇನ್ನೊಮ್ಮೆ ತೂಗಿದ. ಆ ಇನ್ನೊಮ್ಮೆ ತೂಗಿದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು.

ಪ್ರಾಜೆಕ್ಟ್ ಎಂದಕೂಡಲೇ ಥರ್ಮಾಕೋಲ್, ಬಣ್ಣದ ಕಾಗದ, ಗೋಂದು ಕೊಳ್ಳಲು ಅಂಗಡಿಗೆ ಓಡಬೇಡಿ. ಥರ್ಮಾಕೋಲಿನ ಜ್ವಾಲಾಮುಖಿ ಮಾಡಿದ ಮಗು ಥರ್ಮಾಕೋಲ್ ಕತ್ತರಿಸುವುದನ್ನು ಕಲಿಯುತ್ತದೆ, ಹೆಚ್ಚೇನಿಲ್ಲ. ಮನೆಯಲ್ಲಿ ಹೇಗೂ ಆಗಬೇಕಾದ ಕೆಲಸವನ್ನು ಹಿಡಿಯಿರಿ. ಹಪ್ಪಳ, ಉಪ್ಪಿನಕಾಯಿ, ಕೈತೋಟದ ಸೊಪ್ಪಿನ ಮಡಿ, ತಿಂಗಳ ದಿನಸಿಯ ಚೀಟಿ, ಸೈಕಲ್ ಪಂಕ್ಚರ್ ಯಾವುದಾದರೂ ಸರಿ. ಅಂಥ ಕೆಲಸ ಕೆಟ್ಟರೆ ಮನೆಯವರಿಗೆ ನಷ್ಟ. ಅದಕ್ಕಾಗಿಯೇ ಮಕ್ಕಳು ಮನಸ್ಸಿಟ್ಟು ಮಾಡುತ್ತಾರೆ.

ಮಳೆಗಾಲಕ್ಕೆ ಮಳೆ ಮಾಪಕ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಅದನ್ನೇ ಬೋರಲಾಗಿ ಬಾಯಿಗೆ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ಸಣ್ಣ ಕಲ್ಲು, ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಇಷ್ಟು ತಿಳಿದರೆ ಉಳಿದದ್ದನ್ನು ಮಕ್ಕಳೇ ಮಾಡುತ್ತಾರೆ. 30×40 ಸೈಟಿನಷ್ಟು ಅಗಲದ ತಾರಸಿ ಎಂದರೆ ಸುಮಾರು 111 ಚದರ ಮೀಟರ್. ಒಂದು ರಾತ್ರಿ 20 ಮಿಲಿಮೀಟರ್ ಸುರಿದರೆ ಸಾವಿರ ಲೀಟರಿನ ಎರಡು ಸಿಂಟೆಕ್ಸ್ ತುಂಬಿ ಮಿಗುವಷ್ಟು ನೀರು ಚರಂಡಿಗೆ ಹೋಯಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ ಎಂದು ಆಮೇಲೆ ಹೇಳಿ. ಆ ಅಂಕಿಯ ತೂಕ ಆಗ ಗೊತ್ತಾಗುತ್ತದೆ.

ಇನ್ನು ಸುತ್ತಾಟ. ಮನೆಶಾಲೆಯವರು ಎಡವುವುದು ಹೆಚ್ಚಾಗಿ ಇಲ್ಲೇ. ಶಾಲೆಯ ರಜೆಯ ಹಂಗಿಲ್ಲವಲ್ಲ ಎಂದು ಮೂರು ದಿನಕ್ಕೆ ಏಳು ಊರು ನೋಡಿ ಬರುತ್ತಾರೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಲ್ಲ ಒಂದೇ ದಿನ. ಮಕ್ಕಳಿಗೆ ನೆನಪಿರುವುದು ದಾರಿಯಲ್ಲಿ ವಾಂತಿಯಾದದ್ದು, ಹೋಟೆಲಿನ ದೋಸೆ. ಹೋಗುವ ಜಾಗ ಹತ್ತಿರದ್ದಾಗಿರಲಿ. ಅಲ್ಲಿಗೆ ಮತ್ತೆ ಮತ್ತೆ ಹೋಗಿ. ಒಂದು ಸಲಕ್ಕೆ ಒಂದೇ ವಸ್ತು ನೋಡಿ.

ನಿಮ್ಮ ಊರಿನ ಕೆರೆ ಏರಿಯ ಮೇಲೋ ಹಳೇ ಗುಡಿಯ ಹಿಂದೆಯೋ ಒಂದು ವೀರಗಲ್ಲು ಇದ್ದೀತು. ಕರ್ನಾಟಕದ ಬಹುಪಾಲು ಕಡೆ ಇಷ್ಟು ಸುಲಭವಾಗಿ ಸಿಗುವ ಚರಿತ್ರೆಯ ಪಾಠ ಬೇರೆ ಇಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತು. ಕೆಳಗೆ ಯುದ್ಧ, ಎಷ್ಟೋ ಕಲ್ಲುಗಳಲ್ಲಿ ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು ನಡೆದ ಕಾದಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಅವನು ದೇವರ ಸನ್ನಿಧಿ ಸೇರಿದ್ದು, ತುದಿಯಲ್ಲಿ ಸೂರ್ಯ ಚಂದ್ರರು. ಅವು ಇರುವತನಕ ಈ ಹೆಸರೂ ಇರಲಿ ಎಂಬ ಅರ್ಥದ ‘ಆಚಂದ್ರಾರ್ಕ’ ಎಂಬ ಮಾತನ್ನು ಕಲ್ಲಿನ ಮುಂದೆ ನಿಂತು ಹೇಳಿಕೊಟ್ಟರೆ ಮಗು ಮರೆಯುವುದಿಲ್ಲ. ಚಿಕ್ಕವಳು ದನ, ಕುದುರೆ, ಜನರನ್ನು ಎಣಿಸಲಿ. ನಡುವಿನವನು ಟೇಪು ಹಿಡಿದು ಅಳೆದು ಗ್ರಾಫ್ ಹಾಳೆಯ ಮೇಲೆ ಅಳತೆಗೆ ಸರಿಯಾಗಿ ಬರೆಯಲಿ. ಕಲ್ಲಿನಲ್ಲಿ ಅಕ್ಷರವಿದ್ದರೆ ದೊಡ್ಡವಳಿಗೆ ಹಬ್ಬ. ಬಿ.ಎಲ್. ರೈಸ್ ಅವರು 1886ರಿಂದ ಹೊರತರತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಹಳೇ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಇವೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ತಮ್ಮೂರಿನ ಹೆಸರನ್ನು ಅಲ್ಲಿ ಅಚ್ಚಿನಲ್ಲಿ ಕಂಡಾಗ ಮಗುವಿನ ಮುಖ ನೋಡಬೇಕು. ಒಂದು ಎಚ್ಚರಿಕೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು ಬೇಡ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋದರೆ ಅಕ್ಷರ ತಾನಾಗಿ ಕಾಣುತ್ತದೆ.

ದೂರದ ಪ್ರಯಾಣವನ್ನೂ ಇದೇ ರೀತಿ ಒಂದು ಪ್ರಶ್ನೆ ಹಿಡಿದು ಮಾಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮನೆಗಳ ನಡುವೆ ಯಾಕೆ ಎಂದು ಅಲ್ಲಿನ ಹಿರಿಯರನ್ನೇ ಮಕ್ಕಳು ಕೇಳಲಿ. ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಅದರ ಮೇಲೆ ಕೂತು ಬುತ್ತಿ ಬಿಚ್ಚಿ. ಗೋಲ ಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಹೋಗಿ, ಆಮೇಲೆ ಕಿರುಚಾಟದಲ್ಲಿ ಪಿಸುಮಾತು ಕೇಳುವುದಿಲ್ಲ. ವಾರದ ಸಂತೆ ಮಾತ್ರ ಎಲ್ಲರಿಗೂ ಹತ್ತಿರ. ನೂರು ರೂಪಾಯಿ ಕೊಟ್ಟು ಮೂವರನ್ನೂ ತರಕಾರಿ ತರಲು ಬಿಡಿ, ನೀವು ನಾಲ್ಕು ಹೆಜ್ಜೆ ಹಿಂದೆ ಇರಿ.

ಇಷ್ಟೆಲ್ಲ ಹೇಳಿದ ಮೇಲೆ, ಮನೆಯ ಕೆಲಸ, ಸುತ್ತಾಟ ಇವೆರಡರಿಂದಲೇ ಓದು ಪೂರ್ತಿಯಾಗುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಆಗುವುದಿಲ್ಲ.

ಗಾಂಧೀಜಿಯ ಆತ್ಮಕಥೆಯನ್ನು ಮನೆಶಾಲೆಯ ತಂದೆ ತಾಯಿಯರೆಲ್ಲ ಓದಬೇಕೆಂದು ನಾನು ಹೇಳುವುದು ಇದಕ್ಕೇ. 1897ರ ಜನವರಿಯಲ್ಲಿ ಅವರು ಡರ್ಬನ್ನಿನಲ್ಲಿ ಇಳಿದಾಗ ಜೊತೆಗೆ ಹತ್ತು ವರ್ಷದ ಸೋದರಳಿಯ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಗಂಡುಮಕ್ಕಳಿದ್ದರು. ಅಲ್ಲಿನ ಶಾಲೆಗಳಿಗೆ ಕಳಿಸಲು ಮನಸ್ಸೊಪ್ಪದೆ ಮನೆಯಲ್ಲೇ ಕಲಿಸಲು ಹೊರಟರು. ಮುಂದೆ ಜೊಹಾನ್ಸ್‌ಬರ್ಗಿನಲ್ಲಿ ಕಚೇರಿಗೆ ಹೋಗಿಬರುವ ಸುಮಾರು ಐದು ಮೈಲಿ ದಾರಿಯಲ್ಲಿ ಮಕ್ಕಳನ್ನು ಜೊತೆಗೆ ನಡೆಸಿಕೊಂಡು ಮಾತಿನಲ್ಲೇ ಪಾಠ ಹೇಳುತ್ತಿದ್ದರು. ಕೈಕೆಲಸ, ನಡಿಗೆ, ಮಾತುಕತೆ ಎಲ್ಲ ಇತ್ತು. ಆದರೆ ಓದು ಬರಹಕ್ಕೆಂದು ದಿನಕ್ಕೊಂದು ಗಂಟೆಯನ್ನಾದರೂ ತಪ್ಪದೆ ಕೊಡಲಾಗಲಿಲ್ಲ, ಕೊಟ್ಟಿದ್ದರೆ ಮಕ್ಕಳ ಶಿಕ್ಷಣ ಆದರ್ಶವಾಗುತ್ತಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಮಕ್ಕಳಿಗೆ ಆ ಬಗ್ಗೆ ಅಸಮಾಧಾನವಿತ್ತೆಂಬುದನ್ನೂ ಮುಚ್ಚಿಟ್ಟಿಲ್ಲ.

ಆ ಒಂದು ಗಂಟೆಯನ್ನು ನೀವು ಕೊಡಿ. ಬೆಳಿಗ್ಗೆ, ತಿಂಡಿಯಾದ ಮೇಲೆ, ನೆಂಟರು ಬಂದರೂ ತಪ್ಪದಂತೆ. ಕನ್ನಡದಲ್ಲಿ ಗಟ್ಟಿಯಾಗಿ ಓದುವುದು, ಒಂದು ಪುಟ ಬರೆಯುವುದು, ಪೆನ್ಸಿಲ್ ಹಿಡಿದು ಲೆಕ್ಕ ಮಾಡುವುದು, ಸ್ವಲ್ಪ ಇಂಗ್ಲಿಷ್. ಮಗ್ಗಿ ಹಪ್ಪಳದಿಂದ ಬರುವುದಿಲ್ಲ, ಬಾಯಿಪಾಠದಿಂದಲೇ ಬರಬೇಕು. ಮೂವರೂ ಒಂದೇ ಜಮಖಾನೆಯ ಮೇಲೆ ಕೂರಲಿ. ಚಿಕ್ಕವಳ ಗಮನ ಹತ್ತು ನಿಮಿಷ ನಿಂತರೆ ಹೆಚ್ಚು. ಆಮೇಲೆ ಅವಳು ಚಿತ್ರ ಬರೆಯುತ್ತಿದ್ದರೆ ಬರೆಯಲಿ. ದೊಡ್ಡ ಮಗಳು ತಂಗಿಗೆ ಕಥೆ ಓದಿ ಹೇಳುವುದು ಚೆನ್ನ. ಆದರೆ ಅವಳನ್ನು ದಿನವೂ ತಮ್ಮ ತಂಗಿಯರ ಟೀಚರ್ ಮಾಡಿಬಿಡಬೇಡಿ. ಅವಳಿಗೂ ಕಲಿಯುವ ಕಾಲ ಅದು. ನಾನು ಕಂಡ ಮನೆಶಾಲೆಗಳಲ್ಲಿ ಸೊರಗಿದ್ದು ಹೆಚ್ಚಾಗಿ ಹಿರಿಯ ಮಗಳು, ಇಲ್ಲವೇ ತಾಯಿ. ತಂದೆಗೆ ವಾರದಲ್ಲಿ ಎರಡು ದಿನವಾದರೂ ಈ ಗಂಟೆಯ ಹೊಣೆ ಇರಬೇಕು. ಅದು ಆಗದಿದ್ದರೆ ಶುರು ಮಾಡುವುದೇ ಬೇಡ.

ಪರೀಕ್ಷೆ, ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆ. ಮನೆಶಾಲೆಯ ಹೆಸರನ್ನು ಅದು ಎತ್ತುವುದಿಲ್ಲ, ಅನುಮತಿ ಕೊಡುವ ಪದ್ಧತಿಯೂ ಅದರಲ್ಲಿಲ್ಲ. ಆದ್ದರಿಂದ ದಾಖಲೆ ಇಟ್ಟುಕೊಳ್ಳಿ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್, ಅದರಲ್ಲಿ ತಾರೀಕು, ಮಾಡಿದ ಕೆಲಸ, ಅಳೆದದ್ದು, ಉತ್ತರ ಸಿಗದೆ ಉಳಿದ ಪ್ರಶ್ನೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ (ಎನ್‌ಐಒಎಸ್) 14 ವರ್ಷ ತುಂಬಿದ ಮೇಲೆ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುವುದರಿಂದ ವಿಷಯಗಳನ್ನು ಒಂದೊಂದಾಗಿಯೂ ಮುಗಿಸಬಹುದು.

ನಡುವೆ ಶಾಲೆಗೆ ಮರಳಬೇಕೆನಿಸಿದರೆ ಅದಕ್ಕೂ ದಾರಿಯಿದೆ. ಆರು ವರ್ಷ ದಾಟಿಯೂ ಶಾಲೆಗೆ ಸೇರದ ಅಥವಾ ಓದು ಮುಗಿಸದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಮನೆಯಲ್ಲೇ ಓದುತ್ತೀಯಾ, ಶಾಲೆಗೆ ಹೋಗುತ್ತೀಯಾ ಎಂದು ಕೇಳಿ. ಒಬ್ಬರ ಎದುರು ಇನ್ನೊಬ್ಬರನ್ನು ಕೇಳಬೇಡಿ. ನಡುವಿನವನು ಶಾಲೆಗೆ ಹೋಗುತ್ತೇನೆ ಎಂದರೆ ಬೇಸರ ಮಾಡಿಕೊಳ್ಳದೆ ಜೂನ್‌ನಲ್ಲಿ ಸೇರಿಸಿ. ಸಂಜೆ ಮನೆಗೆ ಬಂದಮೇಲೆ ಮಳೆ ಮಾಪಕ ನೋಡಿ ಬರೆಯುವ ಕೆಲಸ ಅವನದ್ದೇ ಆಗಿರಲಿ.