ರಾಜಧಾನಿಯೊಳಗೆ ನಿಸರ್ಗ ಸಂಚಾರ

ನಿಸರ್ಗದರ್ಶನವೆಂದೊಡನೆ ನಮ್ಮ ಮನಸ್ಸು ಆಗುಂಬೆಯ ಕಾಡಿಗೋ ಕೊಡಚಾದ್ರಿಯ ಶಿಖರಕ್ಕೋ ಹಾರುತ್ತದೆ. ಅಂಥ ಸ್ಥಳಗಳಿಗೆ ಹೋಗಲು ಹಣ ಬೇಕು, ವಾಹನ ಬೇಕು, ನಾಲ್ಕಾರು ದಿನಗಳ ಬಿಡುವು ಬೇಕು. ಇವು ಒದಗದವರೆಲ್ಲರೂ ನಿಸರ್ಗದಿಂದ ವಂಚಿತರೆಂದು ಭಾವಿಸುವುದು ಸರಿಯಲ್ಲ. ನಮ್ಮ ರಾಜ್ಯದ ರಾಜಧಾನಿಯಾದ ಬೆಂಗಳೂರಿನ ನಟ್ಟನಡುವೆಯೇ ಶಿಲೆ, ಮರ, ಹಕ್ಕಿ, ನೀರು ಈ ನಾಲ್ಕನ್ನೂ ಕಣ್ಣಾರೆ ಕಂಡು ಅಭ್ಯಸಿಸಬಹುದು. ಅದಕ್ಕೆ ಒಂದು ಟಿಪ್ಪಣಿ ಪುಸ್ತಕ, ಒಂದು ಸೀಸದಕಡ್ಡಿ, ಎರಡು ಗಂಟೆಗಳ ವಿರಾಮ ಇದ್ದರೆ ಸಾಕು.

ಸಂಚಾರವನ್ನು ಲಾಲ್‌ಬಾಗಿನಿಂದ ಆರಂಭಿಸೋಣ. 1760ರಲ್ಲಿ ಹೈದರಾಲಿಯು ಆರಂಭಿಸಿ, ಟಿಪ್ಪು ಸುಲ್ತಾನನು ಬೆಳೆಸಿದ ಈ ಸಸ್ಯೋದ್ಯಾನ ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಇಲ್ಲಿಗೆ ಬಂದವರು ಮೊದಲು ಗಾಜಿನ ಮನೆಯತ್ತ ಧಾವಿಸುವುದು ವಾಡಿಕೆ. ಆದರೆ ಉದ್ಯಾನದ ಅತ್ಯಂತ ಪುರಾತನ ನಿವಾಸಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಹೆಬ್ಬಂಡೆ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷಗಳಾದರೆ, ಈ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಭೂವಿಜ್ಞಾನಿಗಳು ಇದನ್ನು ನೈಸ್ ಶಿಲೆಯೆಂದು ಕರೆಯುತ್ತಾರೆ. ಬಾಗಿ ನೋಡಿದರೆ ತಿಳಿ ಹಾಗೂ ಕಪ್ಪು ಬಣ್ಣದ ಪಟ್ಟೆಗಳು ಒಂದರ ಪಕ್ಕದಲ್ಲೊಂದು ಹರಿದಿರುವುದು ಕಾಣುತ್ತದೆ. ಭೂಗರ್ಭದ ಅಪಾರವಾದ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಶಿಲೆಯು ಮಾರ್ಪಾಡಾದುದರ ಗುರುತು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಬಂಡೆಯಿಂದ ಇಳಿದು ಬೀದಿಗೆ ಬಂದರೆ ಮರಗಳ ಪಂಚಾಂಗವೇ ನಮ್ಮೆದುರು ತೆರೆದುಕೊಳ್ಳುತ್ತದೆ. ವರ್ಷದ ಆರಂಭದಲ್ಲಿ ಟಬೇಬುಯಾ ನಸುಗೆಂಪು ಹೂಗಳಿಂದ ತುಂಬುತ್ತದೆ. ಬಳಿಕ ಜಕರಾಂಡದ ನೇರಳೆ ಬಣ್ಣ ಕಾಣಿಸಿಕೊಳ್ಳುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರುತ್ತದೆ; ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗುಲ್‌ಮೊಹರ್ ಕೆಂಪಾಗಿ ಉರಿಯುತ್ತದೆ. ಒಂದು ಮರದ ಹೂವು ಉದುರುವಷ್ಟರಲ್ಲಿ ಮತ್ತೊಂದು ಅರಳುವ ಈ ಕ್ರಮ ಕೇವಲ ಆಕಸ್ಮಿಕವಲ್ಲ. ಜರ್ಮನಿಯಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ತೋಟಗಾರಿಕೆಗೆ ತಮ್ಮ ಜೀವಮಾನವನ್ನು ಧಾರೆಯೆರೆದು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ ಜಿ. ಎಚ್. ಕ್ರುಂಬಿಗಲ್ ಅವರು, ವರ್ಷವಿಡೀ ಯಾವುದಾದರೊಂದು ಬೀದಿ ಹೂಬಿಟ್ಟಿರಲೆಂದು ಮರಗಳನ್ನು ಆರಿಸಿ ನೆಡಿಸಿದರು. ಈ ಮರಗಳಲ್ಲಿ ಹಲವು ದೂರದೇಶದವು. ಜಕರಾಂಡ ದಕ್ಷಿಣ ಅಮೆರಿಕದಿಂದಲೂ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದಲೂ ಬಂದವು. ಹೊಂಗೆಯಾದರೋ ನಮ್ಮ ನೆಲದ್ದೇ. ನೆಂಟರು ಯಾರು, ಮನೆಯವರು ಯಾರು ಎಂಬುದನ್ನು ಅರಿತು ನೋಡಿದಾಗ ನೋಟದ ಸವಿ ಹೆಚ್ಚುತ್ತದೆ.

1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನದಲ್ಲಿ ಬೆಳಗಿನ ಹೊತ್ತು ಮೌನವಾಗಿ ನಿಂತರೆ 'ಕುಟ್ರೂ ಕುಟ್ರೂ' ಎಂಬ ದನಿ ಕೇಳಿಸುತ್ತದೆ. ಅದು ಹಸಿರು ಮೈಯ ಕುಟ್ರುಹಕ್ಕಿ. ಎಲೆಗಳ ನಡುವೆ ಅದು ಕಣ್ಣಿಗೆ ಬೀಳುವುದು ಕಷ್ಟ. ಕಿವಿಗೆ ಮಾತ್ರ ತಪ್ಪದು. ಒಣಗಿದ, ಮೆದುವಾದ ಕೊಂಬೆಯಲ್ಲಿ ಕೊಕ್ಕಿನಿಂದ ಕುಟ್ಟಿ ಪೊಟರೆ ಕೊರೆದು ಅದು ಮೊಟ್ಟೆಯಿಡುತ್ತದೆ. ಅದು ಬಿಟ್ಟುಹೋದ ಪೊಟರೆಯಲ್ಲಿ ಮುಂದೆ ಬೇರೆ ಹಕ್ಕಿಗಳು ಸಂಸಾರ ಹೂಡುವುದುಂಟು. ನಮಗೆ ನಿರುಪಯುಕ್ತವೆಂದು ತೋರುವ ಒಣಕೊಂಬೆಯೊಂದು ಹಲವು ಜೀವಗಳಿಗೆ ಮನೆಯಾಗಬಲ್ಲುದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಯಾವುದು?

ಇನ್ನು ನೀರಿನ ಕಡೆಗೆ ಹೋಗೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅದಕ್ಕೆ ದೊಡ್ಡ ನದಿಯ ಆಸರೆಯಿಲ್ಲ. ನಗರದ ನಡುವೆ ಹಾದುಹೋಗುವ ದಿಣ್ಣೆಯ ಒಂದು ಮಗ್ಗುಲಿನ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರುತ್ತದೆ. ಮತ್ತೊಂದು ಮಗ್ಗುಲಿನ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಹರಿದುಹೋಗುವ ಈ ನೀರನ್ನು ತಡೆದು ನಿಲ್ಲಿಸಲು ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುತ್ತಿತ್ತು. ಹೆಬ್ಬಾಳದ ಕೆರೆಯ ದಂಡೆಯಲ್ಲಿ ನಿಂತು ನೋಡಿದರೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳೊಡನೆ, ಕೊಕ್ಕಿನ ಕೆಳಗೆ ಚೀಲವುಳ್ಳ ಹೆಜ್ಜಾರ್ಲೆಯೂ ಕಾಣಸಿಗುತ್ತದೆ. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬಾತುಗಳು ಈ ಭಾಗದ ಕೆರೆಗಳಿಗೆ ವಲಸೆ ಬರುತ್ತವೆ.

ಆದರೆ ಇದೇ ಸಂಚಾರದಲ್ಲಿ ಕಾಣದೆ ಹೋದುದನ್ನೂ ನೆನೆಯಬೇಕು. ಒಂದು ಕಾಲದಲ್ಲಿ ಊರಿಗೆ ನೀರುಣಿಸಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದ ಎಡೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ನಗರಕ್ಕೆ ನಿಲ್ದಾಣವೂ ಬೇಕು, ಕ್ರೀಡಾಂಗಣವೂ ಬೇಕು. ಆದರೆ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಕೆರೆಯನ್ನು ಮುಚ್ಚಿ ಕಾಲುವೆಯನ್ನು ಒತ್ತಿದರೆ, ಜೋರು ಮಳೆಯಲ್ಲಿ ಅದು ತಗ್ಗಿನ ಬೀದಿಗಳಿಗೂ ಮನೆಗಳಿಗೂ ನುಗ್ಗುತ್ತದೆ. 2022ರ ಮಳೆಗಾಲದಲ್ಲಿ ನಗರದ ಪೂರ್ವಭಾಗದ ಹಲವು ಬಡಾವಣೆಗಳು ಜಲಾವೃತವಾದುದನ್ನು ನಾಡೇ ನೋಡಿತು.

ಹೊರಸಂಚಾರಕ್ಕೂ ಒಂದು ಶಿಸ್ತುಂಟು. ಮುಂಜಾನೆ ಹೊರಡಬೇಕು, ಸಣ್ಣ ಗುಂಪಾಗಿ, ಗದ್ದಲವಿಲ್ಲದೆ ನಡೆಯಬೇಕು. ಹೂ ಕೀಳುವುದು, ಗೂಡು ಮುಟ್ಟುವುದು, ಮರದ ತೊಗಟೆಯ ಮೇಲೆ ಹೆಸರು ಕೆತ್ತುವುದು ಸಲ್ಲದು. ಕಂಡ ದಿನ, ವೇಳೆ, ಸ್ಥಳಗಳನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಹೆಸರು ತಿಳಿಯದಿದ್ದರೆ ಆಕಾರ, ಬಣ್ಣ, ದನಿಗಳನ್ನು ಗುರುತುಹಾಕಿಕೊಂಡು ಬಲ್ಲವರನ್ನು ಕೇಳಬೇಕು. ಹತ್ತು ಸ್ಥಳಗಳನ್ನು ಒಮ್ಮೊಮ್ಮೆ ನೋಡುವುದಕ್ಕಿಂತ ಒಂದೇ ಸ್ಥಳವನ್ನು ಹತ್ತು ಬಾರಿ ನೋಡುವುದು ಮೇಲು. ಹೀಗೆ ವರ್ಷವರ್ಷವೂ ಬರೆದಿಟ್ಟ ಟಿಪ್ಪಣಿಯಿಂದ ಯಾವ ಮರ ಬೇಗ ಹೂಬಿಟ್ಟಿತು, ಯಾವ ಹಕ್ಕಿ ಬಾರದಾಯಿತು ಎಂಬುದು ಸ್ಪಷ್ಟವಾಗುತ್ತದೆ.

ಉದ್ಯಾನಗಳ ರಕ್ಷಣೆಗೆಂದು ನಮ್ಮ ರಾಜ್ಯದಲ್ಲಿ 1975ರಲ್ಲಿಯೂ ಮರಗಳ ರಕ್ಷಣೆಗೆಂದು 1976ರಲ್ಲಿಯೂ ಶಾಸನಗಳು ರಚಿತವಾದವು. ಶಾಸನ ಬೇಲಿಯಂತೆ, ಬೇಲಿಯನ್ನು ಕಾಯಲು ಕಣ್ಣುಗಳು ಬೇಕು. ಹೆಸರೇ ತಿಳಿಯದ ಮರ ಉರುಳಿದರೆ ಯಾರೂ ಮರುಗುವುದಿಲ್ಲ. ಪ್ರತಿ ವಸಂತದಲ್ಲಿಯೂ ಹೂವನ್ನು ಎಣಿಸಿ ನೋಡಿದ ಮರಕ್ಕೆ ಕೊಡಲಿ ಬಿದ್ದರೆ, 'ಏಕೆ?' ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ. ಆ ಪ್ರಶ್ನೆಯನ್ನು ಕೇಳಬಲ್ಲ ನಾಗರಿಕರನ್ನು ರೂಪಿಸುವುದೇ ನಿಸರ್ಗ ಸಂಚಾರದ ನಿಜವಾದ ಫಲ.

ಅಭ್ಯಾಸ

1. ಲಾಲ್‌ಬಾಗಿನ ಹೆಬ್ಬಂಡೆಯ ವೈಶಿಷ್ಟ್ಯವೇನು?
2. ಕೆರೆಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿದ್ದವು? ಆ ಸಂಬಂಧ ಕಡಿದರೆ ಆಗುವ ಪರಿಣಾಮವೇನು?
3. 'ಶಾಸನ ಬೇಲಿಯಂತೆ; ಬೇಲಿಯನ್ನು ಕಾಯಲು ಕಣ್ಣುಗಳು ಬೇಕು'—ಈ ಮಾತನ್ನು ವಿವರಿಸಿರಿ.
4. ನಿಮ್ಮ ಶಾಲೆಯ ಸಮೀಪದ ಒಂದು ಮರವನ್ನು ಮೂರು ತಿಂಗಳ ಕಾಲ ವಾರಕ್ಕೊಮ್ಮೆ ಗಮನಿಸಿ ಟಿಪ್ಪಣಿ ಸಿದ್ಧಪಡಿಸಿರಿ.